ಪೆಟ್ರೋಲ್ ಸ್ನೋ ಬ್ಲೋವರ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಮಿನ್ನೆಸೋಟದಲ್ಲಿ ಮನೆ ಕೊಂಡವರಿಗೆ ಗೃಹಪ್ರವೇಶದ ಹೋಳಿಗೆ ಅರಗುವ ಮೊದಲೇ ಒಂದು ಚಿಂತೆ ಹತ್ತುತ್ತದೆ: ಗ್ಯಾರೇಜಿನ ಮುಂದೆ ಬೀಳುವ ಹಿಮವನ್ನು ತೆಗೆಯುವವರು ಯಾರು? ಅಪಾರ್ಟ್‌ಮೆಂಟಿನಲ್ಲಿದ್ದಾಗ ಅದು ಬೇರೆಯವರ ತಲೆನೋವು. ಈಗ ನಮ್ಮದು. ಅಕ್ಟೋಬರ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಸ್ನೋ ಬ್ಲೋವರ್ ಎಂಬ, ಹಿಮ ಕೆರೆದು ದೂರ ಎಸೆಯುವ ಯಂತ್ರದ ಬಗೆಗೇ ಇರುತ್ತವೆ. ಹದಿನಾರು ಚಳಿಗಾಲ ಇದರ ಹಿಂದೆ ನಡೆದಿದ್ದೇನೆ. ಕೇಳಿದ್ದನ್ನೇ ಕೇಳುತ್ತಾರೆ, ಹೇಳಿದ್ದನ್ನೇ ಹೇಳುತ್ತೇನೆ. ಅದನ್ನೆಲ್ಲ ಒಂದೆಡೆ ಬರೆದಿಟ್ಟಿದ್ದೇನೆ. ನಿಮ್ಮ ಯಂತ್ರದ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತನ್ನೇ ಕೇಳಿ.

ಇದನ್ನು ‘ಗ್ಯಾಸ್’ ಯಂತ್ರ ಎನ್ನುತ್ತಾರಲ್ಲ, ಸಿಲಿಂಡರ್ ಜೋಡಿಸಬೇಕೇ?

ನಗಬೇಡಿ, ಮೊದಲ ವರ್ಷ ನಮ್ಮ ಮನೆಯಲ್ಲೂ ಕೇಳಿದ ಪ್ರಶ್ನೆ ಇದು. ಅಮೆರಿಕದವರ ‘ಗ್ಯಾಸ್’ ಎಂದರೆ ನಮ್ಮ ಪೆಟ್ರೋಲ್. ಸಿಲಿಂಡರಿಗೂ ಇದಕ್ಕೂ ಸಂಬಂಧವಿಲ್ಲ. ಒಳಗಿರುವುದು ಸ್ಕೂಟರಿನಲ್ಲಿ ಇರುವಂಥದೇ ಒಂದು ಸಣ್ಣ ಎಂಜಿನ್: ಕಾರ್ಬ್ಯುರೇಟರ್, ಚೋಕ್, ಒಂದು ಸ್ಪಾರ್ಕ್ ಪ್ಲಗ್. ಹಳೆಯ ಬಜಾಜ್ ಚೇತಕ್ ಓಡಿಸಿ, ಅದರ ಪ್ಲಗ್ಗನ್ನು ಉಪ್ಪುಕಾಗದದಿಂದ ಉಜ್ಜಿದವರಿಗೆ ಇಲ್ಲಿ ಹೊಸದೇನೂ ಇಲ್ಲ.

ಸಿಂಗಲ್ ಸ್ಟೇಜ್, ಟೂ ಸ್ಟೇಜ್ ಎಂದರೇನು? ಯಾವುದನ್ನು ಕೊಳ್ಳಲಿ?

ಮುಂಭಾಗದ ಪೆಟ್ಟಿಗೆಯಲ್ಲಿ ಅಡ್ಡಲಾಗಿ ತಿರುಗುವ ಸುರುಳಿಗೆ ಆಗರ್ ಎನ್ನುತ್ತಾರೆ. ಸಿಂಗಲ್ ಸ್ಟೇಜಿನಲ್ಲಿ ಹಿಮವನ್ನು ಕೆರೆಯುವುದೂ ಅದೇ, ಎಸೆಯುವುದೂ ಅದೇ. ಅದರ ರಬ್ಬರ್ ಅಂಚು ನೆಲಕ್ಕೆ ತಾಗಿ ಓಡುತ್ತದೆ. ಹಗುರ, ಅಗ್ಗ, ಆರು ಇಂಚಿನವರೆಗಿನ ಹಿಮಕ್ಕೆ ಸಾಕು. ಜಲ್ಲಿ ಹಾಸಿದ ದಾರಿಯಲ್ಲಿ ಮಾತ್ರ ಬಳಸಲೇಬೇಡಿ, ಕಲ್ಲು ಗುಂಡಿನಂತೆ ಹಾರುತ್ತದೆ.

ಟೂ ಸ್ಟೇಜಿನಲ್ಲಿ ಉಕ್ಕಿನ ಆಗರ್ ಹಿಮವನ್ನು ಪುಡಿಮಾಡಿ ಹಿಂದಕ್ಕೆ ತಳ್ಳುತ್ತದೆ. ಅದರ ಹಿಂದೆ ಇಂಪೆಲ್ಲರ್ ಎಂಬ ಬೀಸುಚಕ್ರ ಅದನ್ನು ಮೇಲಿನ ಕೊಳವೆಯ ಮೂಲಕ ಎಸೆಯುತ್ತದೆ. ಆಗರ್ ನಿಮಿಷಕ್ಕೆ ನೂರರ ಆಸುಪಾಸು ಸುತ್ತಿದರೆ ಇಂಪೆಲ್ಲರ್ ಸಾವಿರದ ಆಸುಪಾಸು ಸುತ್ತುತ್ತದೆ. ಚಕ್ರಗಳಿಗೂ ಎಂಜಿನ್ನಿನ ಬಲವಿರುವುದರಿಂದ ನೀವು ತಳ್ಳಬೇಕಾಗಿಲ್ಲ, ಹಿಂದೆ ನಡೆದರೆ ಸಾಕು.

1991ರ ಹ್ಯಾಲೋವೀನ್ ಹಿಮಪಾತದಲ್ಲಿ ಮಿನ್ನಿಯಾಪೊಲಿಸ್–ಸೇಂಟ್ ಪಾಲ್ ಭಾಗದಲ್ಲಿ 28 ಇಂಚಿಗೂ ಹೆಚ್ಚು, ಡುಲುತ್‌ನಲ್ಲಿ ಸುಮಾರು 37 ಇಂಚು ಬಿತ್ತು. ಅಂಥ ಊರಿನಲ್ಲಿ ಗ್ಯಾರೇಜಿನಿಂದ ರಸ್ತೆಗೆ ಎರಡು ಕಾರಿನಷ್ಟು ಅಗಲದ ಡ್ರೈವ್‌ವೇ ಇದ್ದರೆ ಟೂ ಸ್ಟೇಜ್ ಯಂತ್ರವೇ ಸರಿ. ಟೌನ್‌ಹೌಸಿನ ಮುಂದಿನ ಹತ್ತಡಿಗೆ ಅದನ್ನು ತರುವುದೆಂದರೆ ಚಟ್ನಿ ರುಬ್ಬಲು ಗಿರಣಿ ಹಾಕಿದಂತೆ.

ಕೊಳವೆಯಲ್ಲಿ ಹಿಮ ಕಟ್ಟಿಕೊಂಡಿದೆ. ಎಂಜಿನ್ ನಿಲ್ಲಿಸಿ ಕೈಯಿಂದ ತೆಗೆಯಬಹುದಲ್ಲವೇ?

ಕೂಡದು. ಈ ಪುಟದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಎಂಜಿನ್ ಓಡುತ್ತಿರುವಾಗ ಕೈ ಹಾಕಬಾರದೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಏಟು ಬೀಳುವುದು ‘ಆಫ್ ಮಾಡಿದ್ದೇನಲ್ಲ’ ಎಂಬ ಧೈರ್ಯದಲ್ಲಿ. ಹಿಮ ಬಿಗಿದು ಇಂಪೆಲ್ಲರ್ ನಿಂತಾಗ ಅದನ್ನು ತಿರುಗಿಸುವ ಬೆಲ್ಟಿನಲ್ಲಿ ಬಿಗುವು ಉಳಿದಿರುತ್ತದೆ, ಬಾಗಿಸಿ ಹಿಡಿದ ಬಿದಿರಿನಂತೆ. ಎಂಜಿನ್ ಆರಿದರೂ ಆ ಬಿಗುವು ಆರುವುದಿಲ್ಲ. ಹಿಮದ ಹೆಂಟೆ ಸಡಿಲವಾದ ಕ್ಷಣ ಬೀಸುಚಕ್ರ ತಟ್ಟನೆ ತಿರುಗುತ್ತದೆ. ಕಾಲು ಸುತ್ತು ತಿರುಗಿದರೂ ಬೆರಳಿಗೆ ಅದು ಬೇಕಾದಷ್ಟಾಯಿತು.

ಒಂದು ಮಾರ್ಚ್ ಬೆಳಿಗ್ಗೆ ನನ್ನ ಯಂತ್ರ ಹೀಗೆಯೇ ಕಟ್ಟಿಕೊಂಡಿತು. ಹಿಮ ನೆನೆದ ಅವಲಕ್ಕಿಯಂತೆ ಒದ್ದೆಯಾಗಿತ್ತು. ಎಂಜಿನ್ ನಿಲ್ಲಿಸಿ, ಕೀ ಕಿತ್ತು ಜೇಬಿಗೆ ಹಾಕಿಕೊಂಡು, ಹಳೆಯ ಪೊರಕೆಯ ಹಿಡಿಯನ್ನು ಕೊಳವೆಯೊಳಗೆ ಇಳಿಸಿದೆ. ಮೂರು ಸಲ ತಿವಿದೆ, ಏನೂ ಆಗಲಿಲ್ಲ. ನಾಲ್ಕನೆಯ ಸಲ ಹೆಂಟೆ ಕುಸಿಯಿತು. ಒಳಗಿನಿಂದ ‘ಟಕ್’ ಎಂದು ಸದ್ದು ಬಂದು ಹಿಡಿ ನನ್ನ ಅಂಗೈಯಲ್ಲಿ ಒದೆಯಿತು. ಹೊರಗೆಳೆದು ನೋಡಿದರೆ ತುದಿಯ ಮರ ಎರಡು ಬೆರಳಿನಗಲ ಸೀಳಿತ್ತು. ಆ ಕೋಲನ್ನು ಈಗಲೂ ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದೇನೆ. ಯಂತ್ರ ಕೇಳಲು ಬಂದವರಿಗೆ ಮೊದಲು ಅದನ್ನು ತೋರಿಸುತ್ತೇನೆ.

ಸರಿಯಾದ ಕ್ರಮ ಹೀಗೆ. ಆಗರ್ ತಿರುಗಿಸುವುದು, ಚಕ್ರ ಓಡಿಸುವುದು, ಎರಡೂ ಹಿಡಿಕೆಗಳನ್ನು ಬಿಡಿ. ಎಂಜಿನ್ ನಿಲ್ಲಿಸಿ, ಕೀ ತೆಗೆಯಿರಿ. ತಿರುಗುವುದೆಲ್ಲ ನಿಂತಿದೆಯೇ ಎಂದು ಕಣ್ಣಾರೆ ನೋಡಿ. ಸದ್ದು ನಿಂತಿತೆಂದು ನಂಬಬೇಡಿ. ಆಮೇಲೆ ಯಂತ್ರದ ಮೇಲೆಯೇ ಸಿಕ್ಕಿಸಿರುವ ಪ್ಲಾಸ್ಟಿಕ್ ಸಲಿಕೆಯನ್ನೋ ಗಟ್ಟಿ ಕೋಲನ್ನೋ ಬಳಸಿ. ಕೋಲು ಹಿಡಿದ ಕೈ ಕೊಳವೆಯ ಹೊರಗೇ ಇರಲಿ, ಮುಖ ಪಕ್ಕಕ್ಕಿರಲಿ. ಕೈಗವಸು ಕಾಪಾಡುತ್ತದೆ ಎಂದುಕೊಳ್ಳಬೇಡಿ. ಅದು ಸಿಕ್ಕಿಕೊಂಡರೆ ಬೆರಳನ್ನೂ ಒಳಗೆಳೆಯುತ್ತದೆ.

ಪೆಟ್ಟಾಗುವುದು ದೊಡ್ಡ ಬಿರುಗಾಳಿಯ ದಿನವೇ ಎಂದೇನಿಲ್ಲ. ಚಳಿ ಸ್ವಲ್ಪ ಇಳಿದು ಹಿಮ ಭಾರವಾಗಿ ಅಂಟಂಟಾಗುವ ದಿನ ಹೆಚ್ಚು ಎಂದು ಕೈ ಶಸ್ತ್ರಚಿಕಿತ್ಸಕರು ಎಚ್ಚರಿಸುತ್ತಾರೆ. ಅಂಥ ದಿನ ಕೊಳವೆ ಐದು ನಿಮಿಷಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ. ನಾಲ್ಕು ಸಲ ಕ್ರಮವಾಗಿ ತೆಗೆದವನು ಐದನೆಯ ಸಲ ಬೇಸರಕ್ಕೆ ಕೈ ಹಾಕುತ್ತಾನೆ. ಮಂಡ್ಯದ ಆಲೆಮನೆಯಲ್ಲಿ ಕಬ್ಬು ಕೊಡುವವರನ್ನು ಕೇಳಿ ನೋಡಿ: ಗಾಣ ಕೈ ಎಳೆದುಕೊಳ್ಳುವುದು ಹೊಸಬನದನ್ನಲ್ಲ, ಪಳಗಿದವನದನ್ನು.

ಕಟ್ಟಿಕೊಳ್ಳದಂತೆ ಮಾಡುವ ಉಪಾಯವಿದೆಯೇ?

ಇದೆ. ಚಳಿಗಾಲದ ಮೊದಲೇ ಕೊಳವೆಯ ಒಳಮೈಗೆ, ಆಗರ್ ಪೆಟ್ಟಿಗೆಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ ಸವರಿದ ಇಡ್ಲಿ ತಟ್ಟೆಯ ಹಾಗೆ ಹಿಮ ಅಂಟದೆ ಜಾರುತ್ತದೆ. ಎಂಜಿನ್ ಪೂರ್ತಿ ವೇಗದಲ್ಲಿರಲಿ. ಹೊಸಬರು ಸದ್ದಿಗೆ ಹೆದರಿ ವೇಗ ತಗ್ಗಿಸುತ್ತಾರೆ. ಆಗ ಇಂಪೆಲ್ಲರ್ ಸೋತು ಹಿಮ ಕೊಳವೆಯಲ್ಲೇ ಕುಳಿತುಬಿಡುತ್ತದೆ. ತಗ್ಗಿಸಬೇಕಾದ್ದು ಎಂಜಿನ್ನಿನ ವೇಗವನ್ನಲ್ಲ, ನಡಿಗೆಯ ವೇಗವನ್ನು. ಒದ್ದೆ ಹಿಮಕ್ಕೆ ಪೆಟ್ಟಿಗೆಯ ಅರ್ಧ ಅಗಲದಷ್ಟೇ ತುತ್ತು ಕೊಡಿ. ಹನ್ನೆರಡು ಇಂಚು ಬೀಳುವ ಸೂಚನೆಯಿದ್ದರೆ ಆರು ಇಂಚಿಗೇ ಒಮ್ಮೆ ಹೊರಗೆ ಬನ್ನಿ.

ಹಿಡಿಕೆಗಳನ್ನು ಅಮುಕಿ ಹಿಡಿದು ಕೈ ಸೋಲುತ್ತದೆ. ಒಂದನ್ನು ದಾರದಿಂದ ಕಟ್ಟಿಬಿಡಬಹುದೇ?

ನಮ್ಮ ಜಾಣತನವೆಲ್ಲ ಇಂಥ ಕಡೆಯೇ ಓಡುತ್ತದೆ. ಬೇಡ. ಕೈ ಬಿಟ್ಟರೆ ಯಂತ್ರ ನಿಲ್ಲಲಿ ಎಂದೇ ಆ ಹಿಡಿಕೆಗಳಿವೆ. ಜಾರಿ ಬಿದ್ದಾಗ ನಿಮ್ಮನ್ನು ಉಳಿಸುವುದು ಅದೊಂದೇ. ಆಗರ್ ಹಿಡಿಕೆ ಬಿಟ್ಟ ಐದು ಸೆಕೆಂಡಿನೊಳಗೆ ಆಗರ್ ನಿಲ್ಲಬೇಕು. ಪ್ರತಿ ಚಳಿಗಾಲದ ಮೊದಲ ದಿನ ಖಾಲಿ ನೆಲದ ಮೇಲೆ ಇದನ್ನು ಪರೀಕ್ಷಿಸಿ, ನಿಲ್ಲದಿದ್ದರೆ ರಿಪೇರಿಯಾಗುವವರೆಗೆ ಮುಟ್ಟಬೇಡಿ.

ಕೆಲವು ಟೂ ಸ್ಟೇಜ್ ಯಂತ್ರಗಳಲ್ಲಿ ಚಕ್ರದ ಹಿಡಿಕೆಯನ್ನು ಒತ್ತಿ ಹಿಡಿದಿದ್ದರೆ ಆಗರ್ ಹಿಡಿಕೆ ತಾನೇ ಕಚ್ಚಿಕೊಂಡಿರುತ್ತದೆ. ಒಂದು ಕೈಯಿಂದ ಕೊಳವೆ ತಿರುಗಿಸಲಿ ಎಂದು ಮಾಡಿದ ಅನುಕೂಲ ಅದು. ಆ ಖಾಲಿ ಕೈಗೆ ಬೇರೆ ಕೆಲಸ ಕೊಡಬೇಡಿ.

ಏನು ತೊಟ್ಟುಕೊಳ್ಳಬೇಕು?

ಹಿಡಿತವಿರುವ ಬೂಟು, ಕಣ್ಣಿಗೆ ರಕ್ಷಣೆಯ ಕನ್ನಡಕ, ಕಿವಿಗೆ ಬೆಣೆ ಅಥವಾ ಮುಚ್ಚಳ. ಮಫ್ಲರ್, ಶಾಲು, ದುಪಟ್ಟಾ, ಜೋತಾಡುವ ದಾರದ ಜಾಕೆಟ್ ಯಾವುದೂ ಬೇಡ. ಊರಿನಿಂದ ಅಮ್ಮ ಕಳಿಸಿದ ಮಂಕಿ ಕ್ಯಾಪ್ ಇದ್ದರೆ ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗದು: ಕಿವಿ, ಕುತ್ತಿಗೆ ಎರಡೂ ಬೆಚ್ಚಗೆ, ಜೋತಾಡುವ ತುದಿ ಒಂದೂ ಇಲ್ಲ.

ಶುರುಮಾಡುವ ಮೊದಲು ಏನು ನೋಡಬೇಕು?

ಹಿಮ ಬೀಳುವ ಮೊದಲೇ ನೋಡಬೇಕು. ಬಿದ್ದ ಮೇಲೆ ಎಲ್ಲವೂ ಒಂದೇ ಬಿಳುಪು. ಕಾಲೊರಸು, ನೀರಿನ ಪೈಪು, ಮಗುವಿನ ಆಟಿಕೆ, ಕ್ರಿಸ್‌ಮಸ್ ದೀಪದ ತಂತಿ, ದೀಪಾವಳಿಗೆ ಇಟ್ಟು ಮರೆತ ಹಣತೆ ಎಲ್ಲವನ್ನೂ ಒಳಗೆ ತನ್ನಿ. ಸುರುಳಿ ಸುತ್ತಿ ಎಸೆದ ದಿನಪತ್ರಿಕೆ ಈ ಯಂತ್ರದ ಹಳೆಯ ಶತ್ರು. ನೆನೆದು ಹೆಪ್ಪುಗಟ್ಟಿದರೆ ಅದು ಒನಕೆಯಷ್ಟು ಗಟ್ಟಿ. ಡ್ರೈವ್‌ವೇ ಅಂಚಿನುದ್ದಕ್ಕೂ ನವೆಂಬರಿನಲ್ಲೇ, ನೆಲ ಗಡ್ಡೆಕಟ್ಟುವ ಮೊದಲು, ಕಿತ್ತಳೆ ಬಣ್ಣದ ಗುರುತುಕೋಲು ನೆಡಿ.

ಪೆಟ್ಟಿಗೆಯ ಎರಡು ಬದಿಯಲ್ಲಿ ಅದರ ಎತ್ತರ ಹೊಂದಿಸುವ ಜಾರುಪಾದಗಳಿರುತ್ತವೆ. ಕಾಂಕ್ರೀಟ್ ನೆಲವಾದರೆ ಕೆರೆಯುವ ಪಟ್ಟಿಗೂ ನೆಲಕ್ಕೂ ನಡುವೆ ಒಂದು ಎಂಟಾಣೆ ನಾಣ್ಯ ತೂರುವಷ್ಟು ಸಂದು ಸಾಕು. ಜಲ್ಲಿಯಾದರೆ ಇಂಚಿನಷ್ಟು ಎತ್ತರಿಸಿ, ಅಡಿಯಲ್ಲಿ ಸ್ವಲ್ಪ ಹಿಮ ಉಳಿದರೆ ಉಳಿಯಲಿ.

ಹೊರಗೆ ಮೈನಸ್ ಇಪ್ಪತ್ತು. ಗ್ಯಾರೇಜಿನಲ್ಲೇ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಡಬಹುದೇ?

ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾರೇಜಿನಿಂದ ಅಡುಗೆಮನೆಗೆ ಬಾಗಿಲಿರುವ ಮನೆಗಳೇ ಇಲ್ಲಿ ಹೆಚ್ಚು. ನೀವು ಹಿಮದಲ್ಲಿರುವಾಗ ಅದು ಒಳಗಿರುವವರ ಬಳಿಗೆ ಹೋಗುತ್ತದೆ. ಹೊರಗೆ ತಳ್ಳಿಯೇ ಸ್ಟಾರ್ಟ್ ಮಾಡಿ.

ಚಳಿಯಲ್ಲಿ ಕ್ರಮ ಇಷ್ಟೇ: ಪೆಟ್ರೋಲ್ ಕವಾಟ ತೆರೆಯಿರಿ, ಕೀ ತೂರಿಸಿ, ಚೋಕ್ ಪೂರ್ತಿ, ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪ್ರೈಮರ್ ಗುಂಡಿ ಎರಡು ಮೂರು ಸಲ ಒತ್ತಿ, ಹಗ್ಗ ಎಳೆಯಿರಿ. ಎಂಜಿನ್ ಕುದುರಿದಂತೆ ಚೋಕನ್ನು ಹಂತಹಂತವಾಗಿ ಬಿಡಿ. ಚೋಕ್ ಬಿಡುವುದನ್ನು ಮರೆತರೆ ಕಪ್ಪು ಹೊಗೆ ಬಂದು ಪ್ಲಗ್ ಮಸಿಯಾಗುತ್ತದೆ.

ಕರೆಂಟಿನಿಂದ ಸ್ಟಾರ್ಟ್ ಮಾಡುವ ಸೌಲಭ್ಯವಿದ್ದರೆ ಮೂರು ಪಿನ್ನಿನ, ಹೊರಾಂಗಣಕ್ಕೆಂದು ಮಾಡಿದ ವೈರನ್ನೇ ಬಳಸಿ. ಮೊದಲು ಯಂತ್ರಕ್ಕೆ, ಆಮೇಲೆ ಗೋಡೆಗೆ. ತೆಗೆಯುವಾಗ ಮೊದಲು ಗೋಡೆಯದು. ಗುಂಡಿಯನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ತೆಗೆದ ವೈರನ್ನು ಸುತ್ತಿ ದೂರವಿಡಿ, ಆಗರ್ ಅದನ್ನು ಶಾವಿಗೆಯಂತೆ ಸುತ್ತಿಕೊಂಡದ್ದನ್ನು ನೋಡಿದ್ದೇನೆ.

ಯಾವ ಪೆಟ್ರೋಲ್ ಹಾಕಬೇಕು?

ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಇರುತ್ತದೆ. ಅದು ನಡೆಯುತ್ತದೆ. ಎಥನಾಲ್ ಇನ್ನೂ ಹೆಚ್ಚಿರುವ ಇ15, ಇ85 ನಡೆಯುವುದಿಲ್ಲ. ಸಣ್ಣ ಎಂಜಿನ್ನುಗಳಿಗೆ ಅವನ್ನು ಹಾಕುವುದು ಇಲ್ಲಿ ಕಾನೂನಿಗೂ ವಿರುದ್ಧ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ಪೆಟ್ರೋಲ್ ಕೆಟ್ಟು ಕಾರ್ಬ್ಯುರೇಟರಿನ ತೂತುಗಳಲ್ಲಿ ಅಂಟು ಕಟ್ಟುತ್ತದೆ. ಮಿನ್ನೆಸೋಟದ ಹಲವು ಬಂಕುಗಳಲ್ಲಿ ಸಣ್ಣ ಎಂಜಿನ್ನುಗಳಿಗೆಂದೇ ಎಥನಾಲ್ ಇಲ್ಲದ ಪೆಟ್ರೋಲ್ ಸಿಗುತ್ತದೆ. ಗ್ಯಾಲನ್ನಿಗೆ ಸ್ವಲ್ಪ ದುಬಾರಿ. ಒಂದು ಚಳಿಗಾಲಕ್ಕೆ ಬೇಕಾಗುವುದೇ ಕೆಲವು ಗ್ಯಾಲನ್; ಅಲ್ಲಿ ಉಳಿಸಿದ ಕಾಸನ್ನು ಮೆಕ್ಯಾನಿಕ್‌ಗೆ ಕೊಡುವುದು ನನಗಂತೂ ಲಾಭವಾಗಿ ಕಂಡಿಲ್ಲ.

ಎಂಜಿನ್ ಬಿಸಿ ಇರುವಾಗ, ಓಡುತ್ತಿರುವಾಗ, ಗ್ಯಾರೇಜಿನೊಳಗೆ ಪೆಟ್ರೋಲ್ ತುಂಬಬೇಡಿ. ಬಂಕಿನಲ್ಲಿ ಡಬ್ಬವನ್ನು ಕಾರಿನ ಡಿಕ್ಕಿಯಲ್ಲೇ ಇಟ್ಟು ತುಂಬಬಾರದು, ನೆಲದ ಮೇಲಿಟ್ಟು ತುಂಬಬೇಕು. ಸ್ಥಾಯೀ ವಿದ್ಯುತ್ತಿನ ಒಂದು ಕಿಡಿ ಸಾಕು. ಪೆಟ್ರೋಲ್ ಇರುವ ಯಂತ್ರವನ್ನು ಒಳಗೆ ಜ್ವಾಲೆ ಉರಿಯುವ ಗ್ಯಾಸ್ ವಾಟರ್ ಹೀಟರ್ ಅಥವಾ ಮನೆ ಬಿಸಿಮಾಡುವ ಫರ್ನೇಸ್ ಇರುವ ಕೋಣೆಯಲ್ಲಿ ಇಡಬೇಡಿ.

ಹಿಮವನ್ನು ಎತ್ತ ಎಸೆಯಬೇಕು?

ಗಾಳಿ ಸಾಗುವ ದಿಕ್ಕಿಗೆ, ನಿಮ್ಮದೇ ಹುಲ್ಲುಹಾಸಿನ ಮೇಲೆ. ಜನ, ಕಿಟಕಿ, ಕಾರು ಇರುವ ದಿಕ್ಕಿಗೆ ಕೊಳವೆಯ ಬಾಯಿ ತಿರುಗಿಸಬೇಡಿ. ರಸ್ತೆಗೂ ಎಸೆಯಬೇಡಿ, ಮಿನ್ನೆಸೋಟದಲ್ಲಿ ಅದು ಕಾನೂನುಬಾಹಿರ. ಮಿನ್ನಿಯಾಪೊಲಿಸ್ ನಗರದೊಳಗಾದರೆ ಒಂಟಿ ಮನೆಯವರು ಹಿಮ ನಿಂತ 24 ಗಂಟೆಯೊಳಗೆ ಮನೆಮುಂದಿನ ಕಾಲುದಾರಿಯನ್ನೂ ತೆರವು ಮಾಡಬೇಕು.

ಎಲ್ಲ ಮುಗಿಸಿ ಕಾಫಿಗೆ ಕುಳಿತಾಗ ರಸ್ತೆಯ ಹಿಮ ತಳ್ಳುವ ನಗರದ ಪ್ಲೋ ಲಾರಿ ಬಂದು ಡ್ರೈವ್‌ವೇ ಬಾಯಿಗೆ ಒಂದು ಒಡ್ಡು ಕಟ್ಟಿ ಹೋಗುತ್ತದೆ. ಲಾರಿಯವನಿಗೆ ನಿಮ್ಮ ಮೇಲೆ ದ್ವೇಷವಿಲ್ಲ, ಅಂದು ಹಾಗೆ ಅನ್ನಿಸುತ್ತದೆ ಅಷ್ಟೆ. ಅದರಲ್ಲಿ ಮಂಜುಗಡ್ಡೆ, ಉಪ್ಪು, ಕಲ್ಲು ಎಲ್ಲ ಬೆರೆತಿರುತ್ತದೆ. ರಾತ್ರಿ ಕಳೆದರೆ ಕಲ್ಲಾಗುತ್ತದೆ. ಅಂದೇ ತೆಗೆಯಿರಿ. ಒಂದೇ ಸಲ ನುಗ್ಗಿಸದೆ ಮೇಲಿನಿಂದ ಚೂರುಚೂರೇ ಕೆತ್ತಿ. ಬೆನ್ನ ಹಿಂದೆ ಬರುವ ವಾಹನದ ಸದ್ದು ಕೇಳಿಸದು ಎಂಬುದು ನೆನಪಿರಲಿ.

ಎಂಜಿನ್ ಓಡುತ್ತದೆ, ಒಂದು ಕಡೆಯ ಆಗರ್ ಮಾತ್ರ ತಿರುಗುತ್ತಿಲ್ಲ. ಏನಾಯಿತು?

ಆಗರನ್ನು ಅದರ ದಂಡಕ್ಕೆ ಜೋಡಿಸುವ ಶಿಯರ್ ಪಿನ್ ಮುರಿದಿದೆ. ಮುರಿಯಲೆಂದೇ ಮಾಡಿದ ಪಿನ್ ಅದು. ಕಲ್ಲೋ ಪತ್ರಿಕೆಯೋ ಸಿಕ್ಕಿದಾಗ ಕೆಲವು ಡಾಲರಿನ ಪಿನ್ ತಾನು ಮುರಿದು ದುಬಾರಿ ಗೇರ್ ಪೆಟ್ಟಿಗೆಯನ್ನು ಉಳಿಸುತ್ತದೆ. ಮನೆಯ ಫ್ಯೂಸ್ ಇದ್ದಂತೆ. ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುವ ಚಾಳಿಯನ್ನು ಇಲ್ಲಿಗೆ ತರಬೇಡಿ: ಡಬ್ಬದಲ್ಲಿ ಸಿಕ್ಕ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್. ನಿಮ್ಮ ಮಾದರಿಗೆಂದು ಮಾಡಿದ ಪಿನ್ನುಗಳನ್ನು ನಾಲ್ಕಾರು ಕೊಂಡಿಟ್ಟುಕೊಳ್ಳಿ, ಬಿರುಗಾಳಿಯ ಹಿಂದಿನ ಸಂಜೆ ಅಂಗಡಿಯಲ್ಲಿ ಸಿಗುವುದಿಲ್ಲ.

ಇನ್ನೊಂದು ಮಾತು, ಬಹಳ ಜನ ಬಿಡುವಂಥದು. ಆಗರ್ ತನ್ನ ದಂಡಕ್ಕೆ ತುಕ್ಕು ಹಿಡಿದು ಅಂಟಿಕೊಂಡರೆ ಪಿನ್ ಇದ್ದೂ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಟ್ಟು, ಪಿನ್ನುಗಳನ್ನು ತೆಗೆದು ಆಗರನ್ನು ತಿರುಗಿಸಿ ನೋಡಿ. ದಂಡ ನಿಂತಿದ್ದು ಸುರುಳಿ ಮಾತ್ರ ಸಲೀಸಾಗಿ ತಿರುಗಬೇಕು. ಮೂಗುತಿಯಂಥ ಸಣ್ಣ ಗ್ರೀಸ್ ಮೂತಿ ಕಂಡರೆ ಅದರ ಮೂಲಕ ಗ್ರೀಸ್ ತುಂಬಿ, ತಿರುಗಿಸಿ, ಪಿನ್ ಮರಳಿ ಹಾಕಿ.

ನಾನೇ ಮಾಡಬಹುದಾದ ನಿರ್ವಹಣೆ ಯಾವುದು?

ಎಣ್ಣೆ: ಸಾಮಾನ್ಯವಾಗಿ 5ಡಬ್ಲ್ಯು-30. ಹೊಸ ಯಂತ್ರಕ್ಕೆ ಮೊದಲ ಕೆಲವು ಗಂಟೆಯ ಬಳಕೆಯ ನಂತರ, ಆಮೇಲೆ 50 ಗಂಟೆಗೆ ಅಥವಾ ಚಳಿಗಾಲಕ್ಕೊಮ್ಮೆ ಬದಲಿಸಿ. ಎಂಜಿನ್ ಉಗುರುಬೆಚ್ಚಗಿರುವಾಗ ಬಸಿದರೆ ಕೊಳೆಯೂ ಜೊತೆಗೆ ಬರುತ್ತದೆ. ಪ್ಲಗ್ಗಿನ ಸಂದು ಹೆಚ್ಚಿನ ಎಂಜಿನ್ನುಗಳಲ್ಲಿ 0.030 ಇಂಚು. ಎರಡು ಟೈರಿನ ಗಾಳಿ ಸಮ ಇರಲಿ. ಯಂತ್ರ ಒಂದೇ ಕಡೆ ಎಳೆದರೆ ಮೊದಲು ನೋಡಬೇಕಾದ್ದು ಅದನ್ನೇ. ರಬ್ಬರ್ ಸುಟ್ಟ ವಾಸನೆ ಬಂದರೆ ಬೆಲ್ಟ್ ಜಾರುತ್ತಿದೆ. ಚಕ್ರ ಓಡಿಸುವ ರಬ್ಬರ್ ತಟ್ಟೆಗೆ ಎಣ್ಣೆ, ಗ್ರೀಸ್ ತಗಲಿಸಬೇಡಿ, ಚಕ್ರ ಉರುಳುತ್ತಿರುವಾಗ ಗೇರ್ ಬದಲಿಸಬೇಡಿ.

ಏರ್ ಫಿಲ್ಟರ್ ಎಲ್ಲಿ? ಎಷ್ಟು ಹುಡುಕಿದರೂ ಕಾಣುತ್ತಿಲ್ಲ.

ಹೆಚ್ಚಿನವುಗಳಲ್ಲಿ ಇಲ್ಲವೇ ಇಲ್ಲ. ಹಿಮ ಬಿದ್ದ ಅಂಗಳದಲ್ಲಿ ಧೂಳಿರುವುದಿಲ್ಲ, ಫಿಲ್ಟರ್ ಇದ್ದರೆ ಹಿಮ ಕೂತು ಹೆಪ್ಪುಗಟ್ಟುತ್ತದೆ.

ಎಂಜಿನ್ ಏರುತ್ತದೆ, ಇಳಿಯುತ್ತದೆ, ಏದುಸಿರು ಬಿಡುತ್ತದೆ. ಚೋಕ್ ಅರ್ಧ ಎಳೆದರೆ ಸರಿಯಾಗುತ್ತದೆ. ಹೀಗೇ ಓಡಿಸಲೇ?

ಕಳೆದ ವರ್ಷದ ಪೆಟ್ರೋಲ್ ಒಳಗೇ ಉಳಿದಿತ್ತಲ್ಲವೇ? ಕಾರ್ಬ್ಯುರೇಟರಿನ ಜೆಟ್ ಕಟ್ಟಿದೆ. ಆ ತೂತು ಸೂಜಿಯ ಮೊನೆಗಿಂತ ಸಣ್ಣದು. ಒಣಗಿದ ಪೆಟ್ರೋಲಿನ ಅಂಟು ಅದನ್ನು ಅರ್ಧ ಮುಚ್ಚಿದರೂ ಎಂಜಿನ್ನಿಗೆ ಹೊಟ್ಟೆ ತುಂಬದು. ಪೆಟ್ರೋಲ್ ಕವಾಟ ಮುಚ್ಚಿ, ಕೆಳಗಿನ ಬಟ್ಟಲಿನ ಒಂದೇ ಬೋಲ್ಟನ್ನು ಬಿಚ್ಚಿ, ಬಟ್ಟಲನ್ನು ಬಿಳಿ ತಟ್ಟೆಗೆ ಸುರಿದು ನೋಡಿ. ತಳದಲ್ಲಿ ನೀರಿನ ಗುಳ್ಳೆ, ಹಸಿರು ಕೆಸರು ಕಂಡರೆ ರೋಗ ತಿಳಿಯಿತು. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದು, ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ದುಂಡಗೆ ಬೆಳಕಿನ ಚುಕ್ಕಿ ಕಾಣಬೇಕು. ಗಟ್ಟಿ ತಂತಿ ತೂರಿಸಿ ತೂತು ದೊಡ್ಡದು ಮಾಡಬೇಡಿ. ಇದನ್ನೆಲ್ಲ ಹೊರಗೆ, ತಣ್ಣಗಿನ ಎಂಜಿನ್ ಮೇಲೆ ಮಾಡಿ.

ಕೆಲಸ ಮುಗಿದ ಕೂಡಲೇ ಒಳಗಿಡಬಹುದೇ?

ಎರಡು ನಿಮಿಷ ಆಗರನ್ನು ಖಾಲಿ ಓಡಿಸಿ, ಉಳಿದ ಹಿಮ ಉದುರಲಿ. ಇಲ್ಲವಾದರೆ ಬೆಳಿಗ್ಗೆ ಇಂಪೆಲ್ಲರ್ ಪೆಟ್ಟಿಗೆಗೆ ಬೆಸುಗೆ ಹಾಕಿದಂತೆ ಹೆಪ್ಪುಗಟ್ಟಿರುತ್ತದೆ. ಎಂಜಿನ್ ನಿಲ್ಲಿಸಿ, ಪೆಟ್ರೋಲ್ ಕವಾಟ ಮುಚ್ಚಿ, ಕೀಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ. ತಣ್ಣಗಾದ ಮೇಲೆ ಒಳಗೆ ತನ್ನಿ. ಸೈಲೆನ್ಸರ್ ಬಿಸಿ ಇರುವಾಗ ಹೊದಿಕೆ ಹಾಕಬೇಡಿ.

ಊರಿನಿಂದ ಬಂದ ಅಪ್ಪ ‘ನಾನು ಟಿಲ್ಲರ್ ಓಡಿಸಿದವನು, ಇದೇನು ಮಹಾ’ ಎನ್ನುತ್ತಾರೆ. ಕೊಡಲೇ?

ಟಿಲ್ಲರ್ ಓಡಿಸಿದವರಿಗೆ ಯಂತ್ರ ಕಷ್ಟವಲ್ಲ, ನೆಲ ಕಷ್ಟ. ಹಿಮದಡಿಯ ಮಂಜುಗಡ್ಡೆಯ ಮೇಲೆ ಕಾಲಿಡುವ ಅಭ್ಯಾಸ ಅವರಿಗಿಲ್ಲ. ಹೃದಯದ ತೊಂದರೆ ಇದ್ದರಂತೂ ಈ ಚಳಿಯಲ್ಲಿ ಸಲಿಕೆಯೂ ಬೇಡ, ಯಂತ್ರವೂ ಬೇಡ. ಹಟ ಹಿಡಿದರೆ ಎರಡಿಂಚು ಹುಡಿ ಹಿಮ ಬಿದ್ದ ಬಿಸಿಲಿನ ದಿನ, ಸಮತಟ್ಟು ಜಾಗದಲ್ಲಿ, ನೀವು ಪಕ್ಕದಲ್ಲಿದ್ದು ಒಂದು ಸುತ್ತು ಕೊಡಿ. ನಮ್ಮ ಮಾವನವರು ಒಂದು ಸುತ್ತು ಹೊಡೆದು, ಊರಿಗೆಲ್ಲ ವಿಡಿಯೊ ಕಳಿಸಿ, ಮತ್ತೆ ಕೇಳಲಿಲ್ಲ. ಮಕ್ಕಳಿಗೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಯಂತ್ರ ಓಡುವಷ್ಟು ಹೊತ್ತು ಅವರು ಮನೆಯೊಳಗಿರಲಿ. ಹಿಂದಕ್ಕೆ ನಡೆಸುವಾಗ ಮೊದಲು ತಿರುಗಿ ನೋಡಿ.

ಬೇಸಿಗೆಗೆ ಹೇಗೆ, ಯಾವಾಗ ಮುಚ್ಚಿಡಬೇಕು?

ಒಂದೋ ಪೆಟ್ರೋಲ್ ಪೂರ್ತಿ ಬಸಿದು, ಎಂಜಿನ್ ತಾನೇ ಆರುವವರೆಗೆ ಹೊರಗೆ ಓಡಿಸಿ. ಇಲ್ಲವೇ ಹೊಸ ಪೆಟ್ರೋಲಿಗೆ ಅದು ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬ್ಯುರೇಟರಿಗೂ ತಲುಪುವಂತೆ ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ನಾನು ಬಸಿಯುವ ಪಕ್ಷದವನು. ಎಣ್ಣೆ ಬದಲಿಸಿ, ತುಕ್ಕು ಕಂಡಲ್ಲಿ ಬಣ್ಣ ಹಚ್ಚಿ. ಪಿನ್ ಬೆಲ್ಟುಗಳ ಪಟ್ಟಿಯನ್ನು ಆಗಲೇ ಬರೆದು ಹಿಡಿಕೆಗೆ ಕಟ್ಟಿ. ನವೆಂಬರಿನಲ್ಲಿ ನೆನಪಾಗುವುದಿಲ್ಲ, ರಿಪೇರಿಯವರೂ ಆಗ ವಾರಗಟ್ಟಲೆ ಕಾಯಿಸುತ್ತಾರೆ.

ಯುಗಾದಿಗೆ ಬಿಸಿಲು ಕಂಡಿತೆಂದು ಆತುರಪಡಬೇಡಿ. 2018ರ ಏಪ್ರಿಲ್ ಮಧ್ಯದಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ 15 ಇಂಚಿಗೂ ಹೆಚ್ಚು ಹಿಮ ಬಿತ್ತು. ನಾನು ಹಿಂದಿನ ವಾರವಷ್ಟೇ ಪೆಟ್ರೋಲ್ ಬಸಿದು, ಯಂತ್ರವನ್ನು ಸೈಕಲ್ಲುಗಳ ಹಿಂದೆ ತಳ್ಳಿ, ಡಬ್ಬದಲ್ಲಿ ಉಳಿದದ್ದನ್ನು ಕಾರಿಗೆ ಸುರಿದಿದ್ದೆ. ಎರಡು ದಿನ ಸಲಿಕೆ ಹಿಡಿದೆ.